ಅಕ್ಕನ ತೂಕ

ಪ್ರತಿ ಸೋಮವಾರ ಬೆಳಗ್ಗೆ ಅಕ್ಕ ತೂಕದ ಯಂತ್ರ ಹತ್ತಿ ನಿಂತಾಗ ಮನೆಯಲ್ಲಿ ಯಾರೂ ಪಿಟ್ಟೆನ್ನುವಂತಿರಲಿಲ್ಲ. ಯಾರೂ ಅಂದರೆ ತಂಗಿಯೇ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಇದ್ದದ್ದೇ ಇಬ್ಬರು. ಅಕ್ಕ ಕತ್ತು ಬಗ್ಗಿಸಿ ಮುಳ್ಳನ್ನು ದಿಟ್ಟಿಸಿ ನೋಡಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು, "ಅದೇ" ಅನ್ನುತ್ತಿದ್ದಳು. ಅದೇ ಅಂದರೆ, ಕೆಲಸಕ್ಕೆ ಸೇರಿದ ವರ್ಷ ಎಷ್ಟಿತ್ತೋ ಅಷ್ಟೇ. ಆಮೇಲೆ ಕೆಳಗಿಳಿದು, "ಈಗ ನೀನು ಹತ್ತು ಪುಟ್ಟಿ" ಅನ್ನುತ್ತಿದ್ದಳು.

ಪುಟ್ಟಿಗೆ ಆಗಲೇ ಎಪ್ಪತ್ತು ದಾಟಿತ್ತು.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಬೀದಿಯವರ ಬಾಯಲ್ಲಿ ಇನ್ನೂ "ಸೀಟಿ ಟೀಚರ್". ಮದುವೆಯಾಗಲಿಲ್ಲ. ಬೆನ್ನು ಗೋಡೆಗೆ ಆನಿಸಿಟ್ಟ ಅಳತೆಕೋಲಿನ ಹಾಗೆ ನೆಟ್ಟಗೆ. ತಂಗಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಗಂಡನ ಜೊತೆ ದುಡಿದವಳು. ಗಂಡ ತೀರಿಕೊಂಡು, ಅಂಗಡಿ ಬೇರೆಯವರ ಪಾಲಾದ ಮೇಲೆ ಅಕ್ಕನ ಮನೆಗೆ ಬಂದಳು. ಬಂದ ದಿನವೇ ಅಕ್ಕ ಊಟದ ಕಾಯಿದೆ ಓದಿ ಹೇಳಿದ್ದಳು: ಚಿಕ್ಕ ತಟ್ಟೆ, ಬೇಯಿಸಿದ ತರಕಾರಿ, ಒಣ ಬ್ರೆಡ್ಡು, ಸಂಜೆಗೆ ತಿಳಿ ಸಾರಿನಂಥ ಸೂಪು. "ಈ ವಯಸ್ಸಲ್ಲಿ ತಿನ್ನೋದೆಲ್ಲ ಸೊಂಟಕ್ಕೇ ಹೋಗೋದು" ಅನ್ನುವುದು ಅವಳ ಕೊನೆಯ ಮಾತು. ಅದರ ಮೇಲೆ ಅಪೀಲಿಲ್ಲ.

ತಂಗಿಯ ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ಅಕ್ಕನೆದುರು ಬಾಯಿ ಬಿಡುವ ಧೈರ್ಯ ಚಿಕ್ಕಂದಿನಿಂದಲೂ ಅವಳಿಗಿರಲಿಲ್ಲ. ಅದಕ್ಕೇ ಬೆಳಗ್ಗೆ ಹಾಲು ತರುವ ನೆಪದಲ್ಲಿ ಮೂಲೆಯ ಗ್ಯಾರೇಜಿನ ಪಕ್ಕದ ಕ್ಯಾಂಟೀನಿಗೆ ಹೋಗುತ್ತಿದ್ದಳು. ಗ್ರೀಸು ಮೆತ್ತಿದ ಮೆಕ್ಯಾನಿಕ್ಕುಗಳ ನಡುವೆ ನಿಂತು ಬೇಯಿಸಿದ ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡು ತಿಂದು, ದೊಡ್ಡ ಲೋಟದಲ್ಲಿ ಹಾಲು ಕುಡಿದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಏನೂ ಆಗದವಳ ಹಾಗೆ ಹಾಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. "ಇಷ್ಟು ಹೊತ್ತಾ?" ಅಂತ ಅಕ್ಕ ಕೇಳಿದಾಗಲೆಲ್ಲ "ಕ್ಯೂ ಇತ್ತು" ಅಂದು ಒಳಗೆ ನುಸುಳುತ್ತಿದ್ದಳು.

ಹೀಗಿರುವಾಗ ದೊಡ್ಡಾಸ್ಪತ್ರೆಯವರು ಒಂದು ಸಂಶೋಧನೆಗೆ ಎಪ್ಪತ್ತು ದಾಟಿದವರು ಬೇಕು ಅಂತ ಔಷಧಿ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದರು. ವಯಸ್ಸಾದವರು ಏನು ತಿನ್ನುತ್ತಾರೆ, ಮೈಯಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು, ಶಕ್ತಿ ಎಷ್ಟು ಉಳಿದಿದೆ ಅಂತ ಅಳೆಯುತ್ತಾರಂತೆ. ಅಕ್ಕನ ಕಣ್ಣು ಅರಳಿತು. "ಹೋಗೋಣ. ಮನುಷ್ಯ ಹೇಗಿರಬೇಕು ಅಂತ ಅವರೂ ಒಂದ್ಸಲ ನೋಡ್ಲಿ."

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಉದ್ದನೆಯ ಮೇಜು. ಅದರ ಮೇಲೆ ಸಾಲಾಗಿ ಪ್ಲಾಸ್ಟಿಕ್ಕಿನ ಬಟ್ಟಲು, ಲೋಟ, ಚಮಚ, ರಬ್ಬರಿನ ಬ್ರೆಡ್ಡಿನ ಚೂರು. ತಿಂದದ್ದು ಎಷ್ಟು ಅಂತ ಬಾಯಲ್ಲಿ ಹೇಳಲಾಗದವರು ಅವನ್ನು ಮುಟ್ಟಿ ತೋರಿಸಬೇಕು. ಕೇಳುವವಳು ಸಣ್ಣ ವಯಸ್ಸಿನ, ಮೆತ್ತಗೆ ಮಾತಾಡುವ ಸಂಶೋಧಕಿ.

"ಒಬ್ಬೊಬ್ಬರನ್ನೇ ಕೇಳ್ತೀವಿ ಅಮ್ಮ. ಇನ್ನೊಬ್ಬರು ಸ್ವಲ್ಪ ಹೊರಗೆ..."

"ಇಬ್ಬರದ್ದೂ ಒಂದೇ ಒಲೆ, ಒಂದೇ ಊಟ. ಒಟ್ಟಿಗೇ ಕೇಳಿ" ಅಂದಳು ಅಕ್ಕ. ಕುರ್ಚಿ ಎಳೆದುಕೊಂಡು ಕೂತಳು. ಹಾಗೆ ಕೂತ ಅಕ್ಕನನ್ನು ಶಾಲೆಯ ಹೆಡ್‌ಮಿಸ್ಸೇ ಎಬ್ಬಿಸಿದವರಲ್ಲ. ಈ ಹುಡುಗಿ ಯಾವ ಲೆಕ್ಕ?

ಅಕ್ಕ ತನ್ನ ಹಿಂದಿನ ದಿನದ ಊಟವನ್ನು ಬಹುಮಾನದ ಪಟ್ಟಿ ಓದುವವಳ ಹಾಗೆ ಹೇಳಿದಳು. ಸಂಶೋಧಕಿ ತಲೆಯೆತ್ತಿ ಕೇಳಿದಳು, "ಅಷ್ಟೇನಾ?"

"ಅಷ್ಟೇ!" ಅಂದಳು ಅಕ್ಕ, ಹೆಮ್ಮೆಯಿಂದ.

"ನೀವಮ್ಮ? ಬೆಳಗ್ಗೆ ಎದ್ದಾಗಿಂದ ಹೇಳಿ."

ಅಕ್ಕ ಪಕ್ಕದಲ್ಲೇ ಕೈಕಟ್ಟಿ ಕೂತಿದ್ದಳು. "ಅಕ್ಕ ತಿಂದಿದ್ದೇ" ಅಂದುಬಿಟ್ಟರೆ ಮುಗಿಯಿತು, ಮನೆಗೆ ಹೋಗಬಹುದು. ಆದರೆ ಸಂಶೋಧಕಿ ಮೊದಲೇ ಹೇಳಿದ್ದಳು: ನೀವು ಹೇಳೋದನ್ನ ನಂಬಿ ಇನ್ನೂ ಎಷ್ಟೋ ಜನಕ್ಕೆ ಇಂಥದ್ದು ತಿನ್ನಿ ಅಂತ ಹೇಳ್ತೀವಿ, ತಪ್ಪು ಹೇಳಬೇಡಿ. ತಂಗಿ ರಬ್ಬರಿನ ಬ್ರೆಡ್ಡನ್ನು ಕೈಗೆತ್ತಿಕೊಂಡಳು.

"ಇಂಥದ್ದು ಎರಡು. ಬೆಣ್ಣೆ ಹಾಕಿ."

"ಪುಟ್ಟೀ?" ಅಂದಳು ಅಕ್ಕ.

"ಮೊಟ್ಟೆ ಎರಡು" ಅಂದಳು ತಂಗಿ, ಬಟ್ಟಲುಗಳ ಕಡೆಗೇ ನೋಡುತ್ತ. "ಒಂದು ಲೋಟ ಹಾಲು. ದೊಡ್ಡ ಲೋಟ. ದಿನಾ."

ಅಕ್ಕ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಬೈದಿದ್ದರೆ ತಂಗಿಗೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲಿಂದ ಮುಂದಿನದು ಇನ್ನೂ ಕೆಟ್ಟದಾಗಿತ್ತು. ಮೈಮೇಲಿನ ಲೋಹವನ್ನೆಲ್ಲ ತೆಗೆಸಿ ಚಪ್ಪಟೆ ಹಾಸಿಗೆಯ ಮೇಲೆ ಮಲಗಿಸಿದರು. ಯಂತ್ರದ ಕೈಯೊಂದು ತಲೆಯಿಂದ ಕಾಲಿನವರೆಗೆ ಮೆಲ್ಲಗೆ ಹಾದುಹೋಯಿತು. ಹಿಡಿಯ ಬಲ ಅಳೆಯಲು ಒಂದು ಹಿಡಿಕೆ ಕೊಟ್ಟು ಹಿಸುಕಿಸಿದರು. ಕೊನೆಗೆ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಕೂರಬೇಕು, ಮತ್ತೆ ಏಳಬೇಕು. ತಂಗಿ ಉಸ್ಸಪ್ಪಾ ಅನ್ನುತ್ತ ಎದ್ದು ಕೂತು ಮಾಡಿದಳು. ಅಕ್ಕ ಬೆನ್ನು ನೆಟ್ಟಗೆ ಮಾಡಿದಳು, ಗದ್ದ ಎತ್ತಿದಳು, ಎದ್ದಳು... ಏಳಲಿಲ್ಲ. ಮೈ ಮುಂದಕ್ಕೆ ವಾಲಿ ವಾಪಸ್ಸು ಧೊಪ್ಪೆಂದು ಕುರ್ಚಿಗೇ ಬಿತ್ತು. ಮತ್ತೆ ಪ್ರಯತ್ನಿಸಿದಳು. ತೊಡೆ ನಡುಗಿತು, ಮುಖ ಕೆಂಪಾಯಿತು.

"ಈ ಕುರ್ಚಿ ತಗ್ಗು" ಅಂದಳು.

ಅಲ್ಲಿನ ಡಾಕ್ಟರು ತೆರೆಯ ಮೇಲೆ ಅಕ್ಕನ ಮೈಯ ಬಣ್ಣದ ಚಿತ್ರ ತೋರಿಸಿ ಬೆಣ್ಣೆಯಿಂದ ಕೂದಲೆಳೆ ತೆಗೆಯುವಷ್ಟು ನಾಜೂಕಾಗಿ ಹೇಳಿದರು. ತೂಕ ಬದಲಾಗಿಲ್ಲ, ನಿಜ. ಆದರೆ ಒಳಗಿನ ಸರಕು ಬದಲಾಗಿದೆ. ಮಾಂಸಖಂಡ ವರ್ಷವರ್ಷವೂ ಕರಗಿ, ಆ ಜಾಗಕ್ಕೆ ಕೊಬ್ಬು ಬಂದು ಕೂತಿದೆ. ತಕ್ಕಡಿಗೆ ಇದರ ಸುಳಿವು ಸಿಗುವುದಿಲ್ಲ. ಊಟ ತೀರಾ ಕಡಿಮೆ. ಮಾಂಸಖಂಡಕ್ಕೆ ಬೇಕಾದ ಪ್ರೋಟೀನು ಇಲ್ಲವೇ ಇಲ್ಲ ಅನ್ನಬೇಕು. ಹೀಗೇ ಬಿಟ್ಟರೆ ಒಂದು ದಿನ ಬಿದ್ದರೆ ಏಳಲಾಗದು.

"ನಿಮ್ಮ ಯಂತ್ರ ರಿಪೇರಿ ಮಾಡಿಸಿ" ಅಂದು ಅಕ್ಕ ಎದ್ದಳು. ಎರಡೂ ಕೈ ಮೇಜಿಗೆ ಊರಿ.

ಮನೆಗೆ ಬಂದ ಮೇಲೆ ಅಕ್ಕ ಮಾತು ಬಿಟ್ಟಳು. ಬೆನ್ನಹಿಂದೆ ತಿನ್ನುವವಳ ಜೊತೆ ಏನು ಮಾತು? ತಂಗಿ ಮೇಜಿನ ಮೇಲೆ ಬೇಯಿಸಿದ ಮೊಟ್ಟೆ ಇಟ್ಟರೆ ಅದು ಸಂಜೆಯವರೆಗೂ ಅಲ್ಲೇ ಇರುತ್ತಿತ್ತು. ಬರಬರುತ್ತ ಅಕ್ಕ ಒಣ ಬ್ರೆಡ್ಡನ್ನೂ ಅರ್ಧ ಮಾಡಿದಳು. ಹಠಕ್ಕೆ ಬಿದ್ದವಳಂತೆ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕವಾಯತು ಮಾಡುತ್ತಿದ್ದಳು. ಗೋಡೆಯ ಈಚೆಗೆ ತಂಗಿಗೆ ಅವಳ ಏದುಸಿರು ಕೇಳಿಸುತ್ತಿತ್ತು. ಹೋಗಿ ತಡೆಯಲೇ? ತಡೆದರೆ ಇನ್ನೂ ಬಿಗಿಯುತ್ತಾಳೆ. ಎದ್ದ ತಂಗಿ ಮತ್ತೆ ಕೂತುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ಸ್ನಾನಕ್ಕೆ ಹೋದಳು. ಆ ಹಳೇ ಮನೆಯಲ್ಲಿ ಕೂತು ಸ್ನಾನ ಮಾಡುವ ಉದ್ದನೆಯ ತೊಟ್ಟಿಯಿತ್ತು. ನಲ್ಲಿ ಸುರಿಯಿತು, ನಿಂತಿತು. ತಂಗಿ ಬಟ್ಟೆ ಮಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ನಲ್ಲಿಯ ಸದ್ದು, ಮತ್ತೆ ನಿಂತಿತು. ಬಟ್ಟೆಯೆಲ್ಲ ಮಡಿಸಿ ಮುಗಿಯಿತು. ಮತ್ತೆ ನಲ್ಲಿ. ಅಷ್ಟು ಹೊತ್ತು ನೀರಲ್ಲಿ ಕೂರುವವಳಲ್ಲ ಅಕ್ಕ. ಸ್ನಾನವನ್ನೂ ಸೀಟಿ ಊದಿ ಮುಗಿಸಿದ ಹಾಗೆ ಮುಗಿಸುವವಳು.

ತಂಗಿ ಬಾಗಿಲ ಬಳಿ ಹೋದಳು. "ಅಕ್ಕಾ, ಆಯ್ತಾ?"

"ಹೋಗು ಆ ಕಡೆ."

ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು. ತಂಗಿ ಎರಡು ಹೆಜ್ಜೆ ಹಿಂದೆ ಸರಿದಳು, ಆದರೆ ಹೋಗಲಿಲ್ಲ. ಆ ದನಿಯಲ್ಲಿ ಹಲ್ಲು ಕಟಕಟಿಸಿದ್ದು ಅವಳಿಗೆ ಕೇಳಿಸಿತ್ತು. ಬಿಸಿನೀರು ಖಾಲಿಯಾಗಿದೆ. ಅಕ್ಕ ತಣ್ಣೀರಲ್ಲಿ ಕೂತಿದ್ದಾಳೆ.

"ಏಳಕ್ಕಾಗ್ತಿಲ್ವಾ?"

ತಂಗಿ ಬಾಗಿಲು ದೂಡಿದಳು; ಒಳಗಿನಿಂದ ಚಿಲಕ ಹಾಕಿತ್ತು.

"ಕೆಳಗಿನ ಮನೆಯವರನ್ನ ಕರೀತೀನಿ."

"ಕರೆದೆಯೋ, ನಿನ್ನ ಮುಖ ಈ ಜನ್ಮದಲ್ಲಿ ನೋಡಲ್ಲ!" ಅಂತು ಒಳಗಿನ ದನಿ. ಆಮೇಲೆ ಏನೋ ಜಾರಿದ ಸದ್ದು, ನೀರು ಚೆಲ್ಲಿದ ಸದ್ದು, ಒಂದು ಸಣ್ಣ ನರಳಿಕೆ.

ತಂಗಿ ಓಡಿಹೋಗಿ, ತಮ್ಮ ಹಳೇ ಅಂಗಡಿಯಿಂದ ತಂದಿಟ್ಟುಕೊಂಡಿದ್ದ, ಪುಸ್ತಕದ ರಟ್ಟು ಬಿಡಿಸುವ ಚಪ್ಪಟೆ ಉಳಿ ಹುಡುಕಿ ತಂದಳು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಅದನ್ನು ತೂರಿಸಿ ಮೈಯ ಭಾರವನ್ನೆಲ್ಲ ಹಾಕಿದಳು. ಮರ ಕಿರುಗುಟ್ಟಿತು. ಹೆಗಲು ಕೊಟ್ಟು ಗುದ್ದಿದಳು. ಮತ್ತೆ ಗುದ್ದಿದಳು. ಚಿಲಕದ ಮೊಳೆಗಳು ಕಿತ್ತು ಬಂದು ಬಾಗಿಲು ತೆರೆದುಕೊಂಡಿತು.

ಅಕ್ಕ ಗದ್ದದವರೆಗೆ ನೀರಲ್ಲಿ ಮುಳುಗಿದ್ದಳು. ತುಟಿ ನೀಲಿ. ಒಂದು ಕೈ ತೊಟ್ಟಿಯ ಅಂಚು ಹಿಡಿದು ಬಿಳಿಚಿತ್ತು.

"ನೀರು ಖಾಲಿ ಮಾಡು ಮೊದಲು" ಅಂದಳು, ನಡುಗುತ್ತ. ತಂಗಿ ಕೈ ಹಾಕಿ ತೊಟ್ಟಿಯ ತಳದ ಬಿರಡೆ ಎಳೆದಳು. ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡಿದಳು. ಅರ್ಧ ಬಂದ ಅಕ್ಕ ಕೈಯಿಂದ ಜಾರಿ ಹಿಂದಕ್ಕೆ ಬಿದ್ದಳು. ತಲೆ ಗೋಡೆಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಹೆದರಿಕೆಯಾಗಿತ್ತು.

"ಹಾಗಲ್ಲ ದಡ್ಡೀ!" ಅಂದಳು ಅಕ್ಕ. ದನಿ ಇದ್ದಕ್ಕಿದ್ದ ಹಾಗೆ ಮೈದಾನದ ದನಿಯಾಗಿತ್ತು. "ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ಕಾಲು ಅಗಲಿಸು. ಸ್ಟೂಲು ತಾ, ಅಡುಗೆಮನೆಯ ಮೋಟು ಸ್ಟೂಲು. ಮೊದಲು ಅದರ ಮೇಲೆ ಕೂರಿಸು, ಆಮೇಲೆ ನೋಡೋಣ."

ಸ್ಟೂಲು ತೊಟ್ಟಿಯೊಳಗೆ ಇಳಿಯಿತು. ಟವಲ್ಲನ್ನು ಅಕ್ಕನ ಬೆನ್ನ ಸುತ್ತ ಹಾಕಿ ಎರಡೂ ತುದಿ ಹಿಡಿದಳು ತಂಗಿ. "ಈಗ!" ಅಂತ ಅಕ್ಕನೇ ಕೂಗಿದಳು. ತಂಗಿ ಹಲ್ಲುಕಚ್ಚಿ ಎಳೆದಳು. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಉಸಿರು ತೆಗೆದುಕೊಂಡರು. ಮತ್ತೊಮ್ಮೆ "ಈಗ!" ಈ ಸಲ ತೊಟ್ಟಿಯ ಅಂಚು ದಾಟಿ ಹೊರಗೆ ಬಂದಳು. ಇಬ್ಬರೂ ಒದ್ದೆ ನೆಲದ ಮೇಲೆ ಒಬ್ಬರ ಮೇಲೊಬ್ಬರು ವಾಲಿಕೊಂಡು, ಓಡಿ ದಣಿದ ಹುಡುಗಿಯರ ಹಾಗೆ ಏದುಸಿರು ಬಿಡುತ್ತ ಕೂತರು.

ಕಂಬಳಿ ಹೊದೆಸಿ ಬಿಸಿ ಹಾಲು ಕೈಗಿಟ್ಟ ಮೇಲೆ ಅಕ್ಕ ಲೋಟದೊಳಗೆ ನೋಡುತ್ತ ಹೇಳಿದಳು, "ಅಮ್ಮನ್ನ ನೀನು ಎತ್ತಿದವಳಲ್ಲ ಪುಟ್ಟಿ."

ಅಮ್ಮ ಹಾಸಿಗೆ ಹಿಡಿದಾಗ ತಂಗಿ ಗಂಡನ ಊರಲ್ಲಿದ್ದಳು. ಎರಡು ದಿನ ಬಂದು ಹೋಗುತ್ತಿದ್ದಳು.

"ಅಮ್ಮ ದಪ್ಪ ಇದ್ಲು. ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಬೇಕಿತ್ತು. ಪ್ರತಿ ಸಲ ನನ್ನ ಕೈ ಹಿಡಿದು, 'ಭಾರ ಆದೆ ಅಲ್ವೇನೇ, ತಪ್ಪಾಯ್ತು ಕಣೇ' ಅನ್ನೋಳು. ಹೆತ್ತ ತಾಯಿ ನನ್ನ ಹತ್ರ ತಪ್ಪಾಯ್ತು ಅಂತ ಕೇಳೋದು! ಅವತ್ತೇ ಅಂದ್ಕೊಂಡೆ, ನಾಳೆ ನನ್ನನ್ನ ಎತ್ತೋರಿಗೆ ನಾನು ಹೂವಿನ ಹಾಗಿರಬೇಕು ಅಂತ."

ತಂಗಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. "ಹೂವಿನ ಹಾಗೇ ಇದ್ದೆ! ಆದ್ರೆ ನಿನ್ನ ಕಾಲು ಒಂಚೂರೂ ಜೊತೆ ಕೊಡ್ಲಿಲ್ಲ. ನನ್ನ ಸೊಂಟ ಹಿಡಿದಿರೋದು ಅದಕ್ಕೆ. ಇವತ್ತು ನಾನು ಹಾಲು ತರಕ್ಕೆ ಹೋಗಿದ್ರೆ? ನಾನೂ ನಿನ್ನ ಹಾಗೇ ಸೂಪು ಕುಡ್ಕೊಂಡು ಇದ್ದಿದ್ರೆ?"

ಅಕ್ಕ ಹಾಲು ಕುಡಿದು ಮುಗಿಸಿದಳು. ಲೋಟ ಕೆಳಗಿಟ್ಟು, "ಹಸಿವಾಗ್ತಿದೆ" ಅಂದಳು. ಎಷ್ಟು ಮೆಲ್ಲಗೆ ಅಂದರೆ, ತಂಗಿ ಕಿವಿ ಹತ್ತಿರ ತರಬೇಕಾಯಿತು.

ಮತ್ತೆ ಆಸ್ಪತ್ರೆಗೆ ಹೋಗಲು ಅಕ್ಕ ಒಪ್ಪಿದ್ದು ಸುಲಭವಾಗೇನಲ್ಲ. ಹೋದ ಮೇಲೆ ಆ ಸಂಶೋಧನೆಯಲ್ಲಿ ಊಟ ಮತ್ತು ವ್ಯಾಯಾಮ ಎರಡನ್ನೂ ಕೊಡುವ ಗುಂಪಿಗೆ ಅವಳು ಸೇರಿದಳು. ವರ್ಷಗಟ್ಟಲೆ ಕುಗ್ಗಿದ್ದ ಹೊಟ್ಟೆ ಮೊದಮೊದಲು ಏನನ್ನೂ ಒಪ್ಪಲಿಲ್ಲ. ತಿಂದದ್ದು ವಾಂತಿಯಾಗಿ, ತಟ್ಟೆ ದೂಡಿ, ತಂಗಿಯ ಮೇಲೆ ಹರಿಹಾಯ್ದಳು. ತಂಗಿ ತಟ್ಟೆಯನ್ನು ಮತ್ತೆ ಮುಂದಕ್ಕೆ ದೂಡುತ್ತಿದ್ದಳು. ಅಕ್ಕನೆದುರು ಅವಳ ಬಾಯಿ ಈಗ ತೆರೆದುಕೊಂಡಿತ್ತು. ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತಿಸುವ ಯುವಕನಿಗೆ ಅಕ್ಕ ಎಣಿಸುವುದು ಹೇಗೆಂದು ಪಾಠ ಹೇಳಿದಳು. ಅವನು ನಕ್ಕು, ಚೀಲಕ್ಕೆ ಇನ್ನೊಂದಿಷ್ಟು ಮರಳು ಹಾಕಿದ.

ಚಳಿಗಾಲ ಕಳೆದ ಮೇಲೆ ಮತ್ತೆ ಅಳೆದರು. ಹೋದ ಮಾಂಸಖಂಡವೆಲ್ಲ ವಾಪಸ್ಸು ಬರುವುದಿಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು; ಬಂದದ್ದು ಸ್ವಲ್ಪವೇ. ಆ ಸ್ವಲ್ಪದಲ್ಲೇ ಅಕ್ಕ ತೊಡೆ ನಡುಗಿಸುತ್ತ, ಕೈಯೂರದೆ, ಒಂದು ಸಲ ಎದ್ದು ನಿಂತಳು. ಎರಡನೇ ಸಲ ಆಗಲಿಲ್ಲ.

ಈಗ ಇಬ್ಬರೂ ಸಂಜೆ ಮಾರುಕಟ್ಟೆಗೆ ನಡೆದು ಹೋಗುತ್ತಾರೆ. ಅರ್ಧ ದಾರಿಗೆ ಬಂದಾಗ ಅಕ್ಕ ನಿಲ್ಲುತ್ತಾಳೆ. "ಸುಸ್ತಾಯ್ತು ಪುಟ್ಟಿ, ಕೂರೋಣ" ಅನ್ನುತ್ತಾಳೆ. ಗ್ರಂಥಾಲಯದ ಮೋಟುಗೋಡೆಯ ಮೇಲೆ ಕೂತು, ಹೋಗಿಬರುವವರ ನಡಿಗೆ ಸರಿಯಿಲ್ಲ ಅಂತ ತಂಗಿಯ ಕಿವಿಯಲ್ಲಿ ದೂರು ಹೇಳುತ್ತಾಳೆ.