ಗೌರೀ ಎಂದು ಕೂಗುವ ದೆವ್ವ

ನಂದಗುಡಿ ಕಡೆ ದೆವ್ವದ ಕತೆ ಬರೆಯುವವರೆಂದರೆ ನಮ್ಮ ಯಜಮಾನರು ರಾಮಾಂಜಿನಪ್ಪನವರೇ. ಊರನ್ನೆಲ್ಲ ಹೆದರಿಸುವ ಈ ಮಹಾನುಭಾವರಿಗೆ ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಲು ನಾನು ಜೊತೆಗಿರಬೇಕು. ಮೊದಲು ವಾರಪತ್ರಿಕೆಗೆ ಬರೆದರು. ಆಮೇಲೆ ರೇಡಿಯೋ ನಾಟಕ, ಕೆರೆಯ ತಳದ ನಾಗರಾಜ್ಯದ ಬಗ್ಗೆ ಮಕ್ಕಳ ಚಿತ್ರಕತೆ, ಟೀವಿ ಧಾರಾವಾಹಿ. ಈಗ ಮೊಬೈಲಿನಲ್ಲಿ ಕೇಳುವ ಕತೆ.

ಯಾವ ಕತೆಯಾದರೂ ಮೊದಲು ನನಗೆ ಓದಿ ಹೇಳಬೇಕು. ನಾನು ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿರುತ್ತೇನೆ. ಅವರ ಕಣ್ಣು ನನ್ನ ಬೆರಳ ಮೇಲೆ. ಬೆರಳು ಒಂದು ಕ್ಷಣ ನಿಂತರೂ ಕತೆ ಗೆದ್ದಿತು, ಇಲ್ಲದಿದ್ದರೆ ಹರಿದು ಒಲೆಗೆ. ಹಿತುಕಿದ ಬೇಳೆ ಸಾರಿನ ಆಸೆಗೇ ಬರೆಯುತ್ತೀರಿ ಎಂದು ರೇಗಿಸುತ್ತಿದ್ದೆ.

ಬೆರಳು ಪೂರ್ತಿ ನಿಂತದ್ದು ಒಂದೇ ಕತೆಗೆ. ಮುಸ್ಸಂಜೆಯಲ್ಲಿ ಕೂದಲು ಕೆದರಿದ ಮುದುಕಿಯೊಬ್ಬಳು ಹೊಲದ ಬದುವಿನ ಮೇಲೆ ‘ಗೌರೀ, ಗೌರೀ’ ಎಂದು ಕೂಗುತ್ತಾ ಬರುತ್ತಾಳೆ. ಓಗೊಟ್ಟವರು ಮನೆಗೆ ಮರಳುವುದಿಲ್ಲ. ನನ್ನ ಬೆರಳು ನಿಂತದ್ದು ದೆವ್ವಕ್ಕಲ್ಲ. ಆ ಮುದುಕಿ ಪಕ್ಕದ ಮನೆಯ ಅಶ್ವತ್ಥಮ್ಮ, ಇವರ ದೊಡ್ಡಮ್ಮ, ನನಗೆ ಅತ್ತೆ. ತೋಳು ಮುರಿದ ಮೇಲೆ ಅವರಿಗೆ ಕೈಯೆತ್ತಿ ತುರುಬು ಕಟ್ಟಲಾಗದು. ಗೌರಿ ಅವರ ಹಸು. ಬೇಡ ಅಂದೆ. “ಯಾರಿಗೆ ಗೊತ್ತಾಗ್ತದೆ, ಬಿಡೇ” ಅಂದರು.

ಪತ್ರಿಕೆಯಲ್ಲಿ ಊರಿನ ಹೆಸರಿರಲಿಲ್ಲ. ಟೀವಿಯವರು ಬೇರೆಲ್ಲೋ ಚಿತ್ರೀಕರಿಸಿದರು. ಮೊಬೈಲಿನವರು ಮಾತ್ರ, ಊರು ನಿಮ್ಮದೇ ಇರಲಿ, ‘ಸತ್ಯ ಘಟನೆ’ ಎಂದು ಹಾಕೋಣ, ಆಗಲೇ ಜನ ಕೇಳುವುದು ಎಂದರು. ಇವರು ನನ್ನನ್ನು ಒಂದು ಮಾತೂ ಕೇಳದೆ ಹೂಂ ಅಂದುಬಿಟ್ಟರು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಬೈಕುಗಳು ಬರತೊಡಗಿದವು. ಸಂಜೆಯಾದರೆ ಹುಡುಗರು ಮೊಬೈಲ್ ಹಿಡಿದು ಬದುವಿನ ಬಳಿ ಕಾಯುವರು. ಕತೆ ತೆಗೆಯಿರಿ ಎಂದು ಇವರು ಫೋನು ಮಾಡಿದರೆ, ಈಗ ತಾನೇ ಚೆನ್ನಾಗಿ ಓಡುತ್ತಿದೆ ಎಂಬ ಉತ್ತರ ಬಂತು. ಹೊಲಕ್ಕೆ ಹೋಗಬೇಡಿ ಎಂದು ನಾನು ಅತ್ತೆಗೆ ಹೇಳಿದೆ. ಹಸು ಏನು ಮಣ್ಣು ತಿನ್ನುತ್ತದಾ ಎಂದು ನನ್ನನ್ನೇ ಬೈದರು.

ಕಳೆದ ವಾರ ಹೊತ್ತು ಮುಳುಗುವಾಗ ಆ ಕಡೆಯಿಂದ ಚೀರಾಟ ಕೇಳಿತು. ಅವರೆಕಾಳು ಚೆಲ್ಲಿ ಓಡಿದೆ. ಕೊಟ್ಟಿಗೆಗೆ ಹೋಗಲೂ ಹೆದರುವ ಇವರು ನನಗಿಂತ ಮುಂದೆ ಓಡುತ್ತಿದ್ದರು. ಹುಡುಗರು ಟಾರ್ಚ್ ಬಿಟ್ಟುಕೊಂಡು ಕಲ್ಲು ಬೀಸುತ್ತಿದ್ದರು. ಅತ್ತೆ ಹಸುವಿನ ಮರೆಯಲ್ಲಿ ಮುದುರಿ ಕೂತಿದ್ದರು.

ಇವರು ಅಡ್ಡ ನಿಂತು ಕೈ ಮುಗಿದರು. “ಆ ಕತೆ ಬರ್ದೋನು ನಾನೇ ಕಣ್ರಪ್ಪಾ. ಎಲ್ಲಾ ಸುಳ್ಳು.”

“ಸುಳ್ಳಾದ್ರೆ ಸತ್ಯ ಘಟನೆ ಅಂತ ಯಾಕೆ ಹಾಕವ್ರೆ ಗುರು?” ಎಂದ ಒಬ್ಬ, ಮೊಬೈಲ್ ಇಳಿಸದೆ.

ಮುಂದಿನ ಕಲ್ಲು ಇವರ ಹಣೆಗೆ ಬಿತ್ತು. ರಕ್ತ ಕಂಡ ಮೇಲೆ ಹುಡುಗರು ಬೈಕು ಹತ್ತಿ ಓಡಿಹೋದರು.

ಅತ್ತೆಯನ್ನು ನಮ್ಮ ಮನೆಗೆ ಕರೆತಂದು, ಕೂದಲು ಬಾಚಿ ತುರುಬು ಕಟ್ಟಿದೆ. ಅವರು ನೆಲದ ಮೇಲೆ ಕೂತಿದ್ದ ಇವರ ಹಣೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ಕತೆಯಲ್ಲಿರುವುದು ತಾನೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

“ರಾಮಾಂಜಿ, ನಮ್ಮ ಹೊಲದ ತಾವ ಯಾವ್ದೋ ದೆವ್ವ ಐತಂತೆ ಕಣಪ್ಪ. ನಾಳೆಯಿಂದ ನೀನೂ ನನ್ ಜೊತೆ ಬಾ. ನಂಗೆ ಭಯ ಆಗ್ತದೆ.”

ಇವರು ತಲೆ ತಗ್ಗಿಸಿ ಹೂಂ ಅಂದರು.