ಮಾರಾಟವಾಗದ ಬಿಳಿ ಬೇಸಿನ್

ತಿ. ನರಸೀಪುರದ ಬಸ್‌ಸ್ಟ್ಯಾಂಡಿನಿಂದ ಬನ್ನೂರು ರಸ್ತೆಗೆ ತಿರುಗಿದರೆ ಗಂಗಾಧರಸ್ವಾಮಿಯವರ ಸ್ಯಾನಿಟರಿ ಅಂಗಡಿ ಸಿಗುತ್ತದೆ. ನಲ್ಲಿ, ಪೈಪು, ಸಿಂಕು, ಕಕ್ಕಸಿನ ಬೇಸಿನ್ನು, ಎಲ್ಲ ಅಲ್ಲುಂಟು. ಎಲ್ಲಕ್ಕಿಂತ ಧಾರಾಳವಾಗಿರುವುದು ಮಾಲೀಕರ ಕುತೂಹಲ. ರಸ್ತೆಯಲ್ಲಿ ಯಾರಾದರೂ ಬೈಕಿನ ಎಂಜಿನ್ ಬಿಚ್ಚಿದರೆ ಸಾಕು, ಗಿರಾಕಿಯನ್ನು ಕೌಂಟರಿನಲ್ಲೇ ಬಿಟ್ಟು ಹೋಗಿ ಬಗ್ಗಿ ನಿಲ್ಲುತ್ತಾರೆ. ಬೋರ್‌ವೆಲ್ ಕೊರೆಯುವ ಕಡೆ ಜಮೀನಿನವನಿಗಿಂತ ಮುಂಚೆ ಹಾಜರು. ಪಕ್ಕದ ಬೇಕರಿಯವನು ಬನ್ನಿಗೆ ಏನು ಬೆರೆಸುತ್ತಾನೆ, ಎದುರು ಮನೆಗೆ ಬಂದ ನೆಂಟರು ಯಾವೂರಿನವರು, ಎಲ್ಲವೂ ಅವರಿಗೆ ಬೇಕು. ಇಷ್ಟು ವಯಸ್ಸಿಗೆ ಅವರು ಇಣುಕಿ ನೋಡದ ಜಾಗ ಒಂದೇ ಒಂದು. ಅದು ಅವರದೇ ಹೊಟ್ಟೆ.

ಬೇಸಿನ್ ವ್ಯಾಪಾರದಲ್ಲಿ ಅವರು ಕಂಡುಕೊಂಡ ಸತ್ಯವೆಂದರೆ ಜನಕ್ಕೆ ಬಿಳಿ ಬಣ್ಣ ಬೇಡ. “ಬಿಳೀದು ಬ್ಯಾಡಿ ಸಾ, ಕೊಳೆ ಎದ್ದು ಕಾಣ್ತದೆ. ಕಾಫಿಪುಡಿ ಬಣ್ಣದ್ದು ಕೊಡಿ” ಅನ್ನುತ್ತಾರೆ ಸೋಸಲೆ ಕಡೆಯಿಂದ ಬರುವವರು. ಗಂಗಾಧರಸ್ವಾಮಿಯವರ ಮನೆಯಲ್ಲೂ ಅದೇ ಬಣ್ಣ. ಹೆಂಡತಿ ರಾಣಿ ಆರಿಸಿದ್ದು. ತಿಕ್ಕಿ ತೊಳೆಯುವವರು ಅವರಾದ ಮೇಲೆ ಆರಿಸುವ ಹಕ್ಕೂ ಅವರದೇ ತಾನೆ! ಹೀಗಾಗಿ ಒಂದು ಬಿಳಿ ಬೇಸಿನ್ ಗೋಡೌನಿನ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ಹಿಡಿದು ಕೂತಿತ್ತು. ನಂಜನಗೂಡಿನಲ್ಲಿ ಅಕ್ಕ ಪುಟ್ಟಬಸಮ್ಮ ಮತ್ತು ಅವರ ಮಗ ನಂಜೇಶ್ ಹೊಸ ಮನೆ ಕಟ್ಟಿಸುತ್ತಿದ್ದಾರೆಂದು ಗೊತ್ತಾದದ್ದೇ ತಡ, “ಅಕ್ಕ, ಇದು ನನ್ನ ಕಡೆಯಿಂದ” ಎಂದು ಅದನ್ನು ಅಲ್ಲಿಗೆ ಸಾಗಹಾಕಿದರು. ಅಕ್ಕನ ಕಣ್ಣು ತುಂಬಿ ಬಂತು. ತಮ್ಮನಿಗೆ ಗೋಡೌನಿನ ಮೂಲೆ ಖಾಲಿಯಾದ ಸಂತೋಷ.

ಗೃಹಪ್ರವೇಶಕ್ಕೆ ಹೋದವರು ರಾತ್ರಿ ಅಲ್ಲೇ ತಂಗಿದರು. ಬೆಳಿಗ್ಗೆ ಎದ್ದು ಕಕ್ಕಸಿಗೆ ಹೋದಾಗ ಆ ಬಿಳಿ ಬೇಸಿನ್ನಿನಲ್ಲಿ ಕೆಂಪು ಕಂಡಿತು. ಗಂಗಾಧರಸ್ವಾಮಿ ಗಾಬರಿಯಾಗಲಿಲ್ಲ. ಯಾವುದಕ್ಕೂ ಒಂದು ಕಾರಣ ಹುಡುಕುವ ತಲೆ ಅದು. ಹಿಂದಿನ ದಿನದ ಊಟದಲ್ಲಿ ಬೀಟ್‌ರೂಟ್ ಪಲ್ಯ ಇತ್ತು, ಇವರು ಎರಡು ಸಲ ಬಡಿಸಿಕೊಂಡಿದ್ದರು. ಸರಿ, ಪಲ್ಯದ್ದೇ ಬಣ್ಣ ಎಂದುಕೊಂಡರು. ಆದರೂ ಕುತೂಹಲ ಸುಮ್ಮನೆ ಬಿಡುವುದುಂಟೆ? ಸೋರುವ ನಲ್ಲಿ ಸರಿಮಾಡಿಕೊಡುವ ನೆಪ ಹೇಳಿ ಆ ವಾರವೆಲ್ಲ ಅಕ್ಕನ ಮನೆಯಲ್ಲೇ ಉಳಿದರು. ಬೀಟ್‌ರೂಟಿನ ತಂಟೆಗೆ ಹೋಗದೆ ಮೊಸರನ್ನ ಉಂಡರು. ಕೆಂಪು ಮಾತ್ರ ಹೋಗಲಿಲ್ಲ. ಒಂದು ಬೆಳಿಗ್ಗೆ ಅದನ್ನೇ ನೋಡುತ್ತಿದ್ದವರಿಗೆ ಇನ್ನೊಂದು ಪ್ರಶ್ನೆ ಬಂತು: ಊರಿನ ಮನೆಯ ಕಾಫಿಪುಡಿ ಬಣ್ಣದಲ್ಲಿ ಇದು ಎಷ್ಟು ಕಾಲದಿಂದ ಕಾಣದೆ ಹೋಗಿರಬಹುದು? ಆಗ ನಿಜವಾಗಿ ಗಾಬರಿಯಾದರು.

ಅಕ್ಕ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಗಂಗಾಧರಸ್ವಾಮಿ ಪಕ್ಕದಲ್ಲಿ ಕೂತು ವಿಷಯ ಹೇಳಿದರು. ಪುಟ್ಟಬಸಮ್ಮ ಸೊಸೆ ಹತ್ತಿರದಲ್ಲೆಲ್ಲೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

“ಅದು ಉಷ್ಣ ಕಣೋ. ಮೂಲವ್ಯಾಧಿ. ಕಾಮಕಸ್ತೂರಿ ಬೀಜ ನೆನೆಯಾಕ್ಕೊಂಡು ಕುಡಿ, ಓಯ್ತದೆ. ನಂಗೂ ಆಗಾಗ ಬತ್ತದೆ. ಅವ್ವಂಗೂ ಇತ್ತು.”

“ಅವ್ವಂಗಾ? ಅವ್ವ ಹೋಗಿದ್ದು ಹೊಟ್ಟೆನೋವಲ್ಲಿ ಅಲ್ವಾ?”

“ಅದೆಲ್ಲ ಈಗ್ಯಾಕೆ ಬುಡು” ಎಂದು ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಕಾಮಕಸ್ತೂರಿ ಕುಡಿದದ್ದೂ ಆಯಿತು. ಆದರೆ ಮೂಲವ್ಯಾಧಿಯೇ ಎಂದು ನೋಡಿದವರು ಯಾರು? ಒಳಗೆ ಇಣುಕದೆ ಹೇಳಿದ ಮಾತನ್ನು ಅವರು ಪಂಪಿನ ವಿಷಯದಲ್ಲೂ ನಂಬಿದವರಲ್ಲ. ಮೈಸೂರಿಗೆ ಹೋಗಿ ಡಾಕ್ಟರನ್ನು ಕಂಡರು. ಡಾಕ್ಟರು ಒಂದೊಂದಾಗಿ ಕೇಳಿದರು. ಕಕ್ಕಸಿಗೆ ಹೋಗುವ ರೂಢಿ ಬದಲಾಗಿದೆಯೇ? ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನ್ನಿಸುತ್ತದೆಯೇ? ಸುಸ್ತು? ತೂಕ ಇಳಿದಿದೆಯೇ? ಎಲ್ಲಕ್ಕೂ ಹೌದು ಅನ್ನಬೇಕಾಯಿತು. ಮೊದಲೆರಡಕ್ಕೆ ಬೇಕರಿಯ ಬನ್ನು, ಸುಸ್ತಿಗೆ ಗೋಡೌನಿನ ಮೆಟ್ಟಿಲು, ತೂಕಕ್ಕೆ ಬಿಸಿಲು ಎಂದು ಇವರು ಆಗಲೇ ಕಾರಣ ಹೊಂದಿಸಿ ಇಟ್ಟಿದ್ದರು.

“ಇಂಥ ರಕ್ತ ಹೆಚ್ಚಿನವರಿಗೆ ಮೂಲವ್ಯಾಧಿಯಿಂದಲೇ ಬರುವುದು. ಆದರೆ ಒಳಗೆ ನೋಡದೆ ನಾನೂ ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ” ಎಂದರು ಡಾಕ್ಟರು.

ನೋಡುವುದು ಹೇಗೆ? ಕ್ಯಾಮೆರಾ ಇರುವ ಸಣ್ಣ ಟ್ಯೂಬನ್ನು ಹಿಂದಿನಿಂದ ಬಿಟ್ಟು. ಬೇರೆಯವರಾಗಿದ್ದರೆ ಅಲ್ಲಿಂದಲೇ ಊರಿನ ಬಸ್ಸು ಹಿಡಿಯುತ್ತಿದ್ದರು. ಗಂಗಾಧರಸ್ವಾಮಿ ಟ್ಯೂಬು ಎಷ್ಟು ಉದ್ದ, ತಿರುವಿನಲ್ಲಿ ಹೇಗೆ ಬಗ್ಗುತ್ತದೆ, ಬೆಳಕು ಎಲ್ಲಿಂದ ಎಂದು ಕೇಳುತ್ತ ಕೂತರು. ಕರುಳು ತೊಳೆಯುವ ಔಷಧಿ ಕುಡಿದು ಕಕ್ಕಸಿಗೆ ಅಲೆದು ಹೈರಾಣಾದರೂ, ಪರೀಕ್ಷೆಯ ದಿನ “ಮಂಪರು ಸ್ವಲ್ಪ ಕಮ್ಮಿ ಕೊಡಿ ಸಾರ್, ನಾನೂ ನೋಡ್ಬೇಕು” ಎಂದರು. ಡಾಕ್ಟರು ನಕ್ಕು ಒಪ್ಪಿದರು.

ಪರದೆಯ ಮೇಲೆ ತನ್ನದೇ ಒಳಗು ಕಂಡಿತು. ತೆಳುಗೆಂಪು, ಒದ್ದೆ, ಬಳೆ ಬಳೆಯಾಗಿ ಸಾಗುವ ದಾರಿ. ಇಷ್ಟು ಚೊಕ್ಕಟವಾದ ಪೈಪನ್ನು ಅವರು ಅಂಗಡಿಯಲ್ಲೂ ಕಂಡಿರಲಿಲ್ಲ. ಒಂದು ತಿರುವಿನಲ್ಲಿ ಅಡಿಕೆಯಷ್ಟು ದೊಡ್ಡ ಗಂಟು, ಅದರ ಮೇಲೆ ರಕ್ತ. “ಅದೇನು ಸಾರ್?” ಎಂದರು. ಡಾಕ್ಟರು ಈ ಸಲ ನಗಲಿಲ್ಲ.

ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಅಂದು ಮನೆಗೆ ಬಂದು ಗಂಗಾಧರಸ್ವಾಮಿ ಯಾರನ್ನೂ ಏನೂ ಕೇಳಲಿಲ್ಲ. ಭಯವಾಗಿತ್ತು, ರಾಣಿಯ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಆಪರೇಷನ್ ಆಯಿತು. ಗಂಟಿದ್ದ ಕಡೆ ಕರುಳಿನ ಒಂದು ತುಂಡು ತೆಗೆದು ಎರಡು ತುದಿ ಸೇರಿಸಿ ಹೊಲಿದರು. “ಜಾಯಿಂಟ್ ಲೀಕ್ ಆಗಲ್ವಾ ಸಾರ್?” ಎಂದು ಅವರು ಮಲಗಿದ್ದಲ್ಲಿಂದಲೇ ಕೇಳಿದಾಗ ರಾಣಿಗೆ ಹೋದ ಜೀವ ಬಂದಂತಾಯಿತು. ರೋಗ ಕರುಳಿನ ಗೋಡೆ ದಾಟಿರಲಿಲ್ಲ, ಬೇಗ ಸಿಕ್ಕಿದ್ದರಿಂದ ಸದ್ಯ ಬೇರೆ ಔಷಧಿ ಬೇಡ, ಆಗಾಗ ಬಂದು ತೋರಿಸಿದರೆ ಸಾಕು ಎಂದರು ಡಾಕ್ಟರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ಒಡಹುಟ್ಟಿದವರಿದ್ದರೆ, ತೊಂದರೆ ಇರಲಿ ಬಿಡಲಿ, ಅವರೂ ಒಮ್ಮೆ ನೋಡಿಸಿಕೊಳ್ಳಲೇಬೇಕು.

ಒಡಹುಟ್ಟಿದವರು ಅಂದರೆ ಅಕ್ಕ ಒಬ್ಬರೇ. ಗಾಯ ಮಾಗುತ್ತಲೇ ನಂಜನಗೂಡಿಗೆ ಹೋದರು.

“ನಂಗೇನಾಗದೆ? ಗುಂಡುಕಲ್ಲಿನಂಗಿದೀನಿ. ಈ ವಯಸ್ಸಲ್ಲಿ ಅಲ್ಲೆಲ್ಲ ತೋರುಸ್ಕೊಂಡು ಮಾನ ಕಳ್ಕೊಳ್ಳಾ?” ಪುಟ್ಟಬಸಮ್ಮ ಮುಖ ತಿರುಗಿಸಿ ಕೂತರು.

ಗಂಗಾಧರಸ್ವಾಮಿ ವಾದಕ್ಕೆ ಇಳಿಯಲಿಲ್ಲ. ಕೇಳಬೇಕೆಂದು ಅಷ್ಟು ದಿನದಿಂದ ಕಾಡುತ್ತಿದ್ದದ್ದನ್ನು ಕೇಳಿದರು. “ಅಕ್ಕ, ಅವ್ವಂಗೆ ಏನಾಗಿತ್ತು?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

“ಅವ್ವನ ಸೀರೆ ನಾನೇ ಒಗೀತಿದ್ದೆ. ಯಾರೂ ಏಳೋಕೆ ಮುಂಚೆ ಹೊಳೇಗೆ ತಕ್ಕೊಂಡೋಗಿ ಒಗ್ಕಂಡು ಬತ್ತಿದ್ದೆ. ‘ಯಾರ್ಗೂ ಹೇಳ್ಬೇಡ ಮಗ, ನಿಮ್ಮಪ್ಪಂಗೂ ಹೇಳ್ಬೇಡ’ ಅಂತ ಆಣೆ ಇಕ್ಕಿಸ್ಕೊಂಡಿದ್ಲು. ವರ್ಷ ತುಂಬೋದ್ರೊಳಗೆ ಒಣ್ಗೋದ್ಲು. ನಾನು ಹೇಳ್ಲೇ ಇಲ್ಲ ಕಣೋ.”

ಊರಿನ ಸಮಾಚಾರವೆಲ್ಲ ಕೆದಕುವ ತಾನು ಇದನ್ನು ಇಷ್ಟು ವರ್ಷ ಕೇಳಿರಲೇ ಇಲ್ಲವಲ್ಲ ಎಂದು ಗಂಗಾಧರಸ್ವಾಮಿ ನೊಂದುಕೊಂಡರು. “ನೀನಾಗ ಚಿಕ್ಕೋಳು ಅಕ್ಕ. ನಿಂದೇನೂ ತಪ್ಪಿಲ್ಲ. ಈಗ ನಿನ್ನ ಹತ್ರ ಯಾರೂ ಆಣೆ ಇಕ್ಕಿಸ್ಕೊಂಡಿಲ್ಲ” ಎಂದರು.

ಅಕ್ಕ ಕಣ್ಣೊರೆಸಿಕೊಂಡರು. ಗೋಡೆಯ ಕಡೆ ನೋಡುತ್ತ ಕೇಳಿದರು. “ಆ ಟ್ಯೂಬಲ್ಲಿ ದೀಪ ಇರ್ತದಾ?”

“ಇರ್ತದೆ.”

“ನೋವಾಯ್ತದಾ?”

“ಮಂಪರು ಕೊಡ್ತಾರೆ, ಗೊತ್ತೇ ಆಗಲ್ಲ. ಲೇಡಿ ಡಾಕ್ಟ್ರೂ ಅವ್ರೆ.”

ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಕುತೂಹಲ ಆ ಮನೆತನದ್ದು, ತಮ್ಮನೊಬ್ಬನ ಸೊತ್ತಾಗಿರಲಿಲ್ಲ. ಮುಂದಿನ ವಾರ ಇಬ್ಬರೂ ಮೈಸೂರಿನ ರೈಲು ಹತ್ತಿದರು.

ಪರೀಕ್ಷೆ ಮುಗಿಸಿ ಲೇಡಿ ಡಾಕ್ಟರು ಹೊರಗೆ ಬಂದರು. ಅಕ್ಕನಿಗೆ ಮೂಲವ್ಯಾಧಿಯೂ ಇದೆ ನಿಜ, ಆದರೆ ಮೇಲೆ ಕರುಳಿನಲ್ಲಿ ಒಂದು ಸಣ್ಣ ಗಂಟೂ ಇತ್ತು, ಟ್ಯೂಬಿನಿಂದಲೇ ತೆಗೆದಾಯಿತು ಎಂದರು. ಆ ಗಂಟು ಇನ್ನೂ ಕ್ಯಾನ್ಸರ್ ಆಗಿಲ್ಲವೆಂದು ಆಮೇಲೆ ವರದಿಯಲ್ಲಿ ಬಂತು.

ಪರೀಕ್ಷೆಯ ದಿನವೇ, ಮಂಪರು ಇಳಿದ ಮೇಲೆ, ಪುಟ್ಟಬಸಮ್ಮ ತಮ್ಮನ ಮೊಬೈಲು ಕೇಳಿ ಇಸಿದುಕೊಂಡರು. ಡಾಕ್ಟರನ್ನು ಕೇಳಿ ಪರದೆಯಿಂದ ತಮ್ಮ ತೆಗೆದುಕೊಂಡಿದ್ದ, ಅಕ್ಕನದೇ ಗಂಟಿನ ಫೋಟೋ ಅದರಲ್ಲಿತ್ತು. ಕಡಲೆಕಾಳಿಗಿಂತ ದೊಡ್ಡದಲ್ಲದ ಗಂಟು. ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಅವ್ವಂದೂ ಮೊದ್ಲು ಇಷ್ಟೇ ಇತ್ತೇನೋ, ಗಂಗಾಧರ?”

“ಇಷ್ಟೇ ಇದ್ದಿರ್ತದೆ ಅಕ್ಕ” ಎಂದರು ಅವರು.