ಇಣಚಿ ಬರದ ಡಬ್ಬಿ

ಗೆಳತಿಯರೇ, ಇವತ್ತು ಸಿಂದಗಿ ಬಜಾರಿನಲ್ಲಿ ನಗೆಪಾಟಲಾಗಿ ಬಂದೆ. ಗುಬ್ಬಿಗೆ ಕಾಳು ಹಾಕುವ, ಅಳಿಲಿಗೆ ಸಿಗದ ಡಬ್ಬಿ ಬೇಕಿತ್ತು. "ಇದರಾಗ ಇಣಚಿ ಬಾಯಿ ಹಾಕಬಾರದು ನೋಡ್ರಿ ಕಾಕಾ" ಎಂದೆ.

ಅಂಗಡಿಯ ಕಾಕಾ ಡಬ್ಬಿ ತಿರುಗಿಸಿ ನೋಡಿದರು. "ಯವ್ವಾ, 'ಇದು ಗುಬ್ಬೀದು' ಅಂತ ಮ್ಯಾಲೆ ಬರದು ಕೊಡ್ತೇನಿ. ನಿಮ್ಮನಿ ಇಣಚಿ ಸಾಲಿ ಕಲತಾವೇನ್ರಿ?"

ಅಂಗಡಿ ತುಂಬ ನಗು. ನನಗೆ ಮಾತ್ರ ಬರಲಿಲ್ಲ. ಬಾಣಂತನಕ್ಕೆ ಹೂವಿನ ಹಿಪ್ಪರಗಿಯ ತವರಿನಲ್ಲಿದ್ದಾಗ ಅವ್ವ ಪಡಸಾಲೆಯ ಜಂತಿಗೆ ಜೋಳದ ತೆನೆ ಕಟ್ಟಿದ್ದಳು. ಗುಬ್ಬಿಗಳ ಗದ್ದಲ ಕೇಳುತ್ತಲೇ ಮಗಳು ಮಲಗುತ್ತಿದ್ದಳು, ಜೊತೆಗೆ ನಾನೂ. ಗಂಡನ ಮನೆಗೆ ಬಂದ ಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ಇಲ್ಲಿ ತೆನೆ ಕಟ್ಟಿದರೆ ಗುಬ್ಬಿ ಬರುವುದರೊಳಗೆ ಇಣಚಿ ಮುಗಿಸಿರುತ್ತದೆ.

ಜಾರುವ ತಗಡಿನ ಮುಚ್ಚಳದ ಡಬ್ಬಿಯನ್ನೇ ಆರಿಸಿ ತಂದು ಕಿಟಕಿಗೆ ಕಟ್ಟಿದೆ. ಮಧ್ಯಾಹ್ನ ನೋಡಿದರೆ ಒಂದು ಇಣಚಿ ತಲೆಕೆಳಗಾಗಿ ಜೋತಾಡುತ್ತ ಜೋಳ ತಿನ್ನುತ್ತಿದೆ, ಇನ್ನೊಂದು ಗೋಡೆಯ ಮೇಲೆ ಕೂತು ಚಿಕ್ ಚಿಕ್ ಎಂದು ತನ್ನ ಪಾಲು ಕೇಳುತ್ತಿದೆ. ಓಡಿಸಲು ಎದ್ದೆ. ಅತ್ತೆ ಕೈ ಹಿಡಿದರು. "ಸುಮ್ನಿರವಾ. ಕೂಸು ಮಲಗೈತಿ ನೋಡು."

ನಿಜ. ಆ ಚಿಕ್ ಚಿಕ್ ಕೇಳುತ್ತಲೇ ಮಗಳು ನಿದ್ದೆ ಹೋಗಿದ್ದಳು. "ನೀನೂ ಅಡ್ಡಾಗು" ಎಂದರು ಅತ್ತೆ. ಅಡ್ಡಾದೆ. ಕಣ್ಣು ಮುಚ್ಚಿದರೆ ಅದೇ ಪಡಸಾಲೆ, ತೆನೆಯ ಕೆಳಗೆ ಕಾಳು ಗುಡಿಸುವ ಅವ್ವ.

ನಾಳೆ ಕಾಕಾನನ್ನು ಕೇಳಬೇಕು: "ಇಣಚಿ ಬಂದರ ಬರಲಿ ಬಿಡ್ರಿ. ತವರಮನಿ ನೆನಪು ಬರದಂಥ ಡಬ್ಬಿ ಯಾವದರ ಐತೇನ್ರಿ?"